ಅಜ್ಜಿಯ ನೆನಪಿನಲ್ಲಿ ತಾರೀಖು ತಪ್ಪಿದ್ದರೆ ತಿದ್ದಬೇಕೆ?

ಪ್ರಶ್ನೆ: ಪತಿಯ ಉದ್ಯೋಗದ ಕಾರಣ ನಾವು ಕೆಲವು ವರ್ಷಗಳಿಂದ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿದ್ದೇವೆ. ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಕಪ್ಪು ಜನಾಂಗದವರು, ವಯಸ್ಸು 75 ದಾಟಿದೆ; ನನ್ನ ಮಗಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾಳೆ. 1965ರಲ್ಲಿ ಅವರು ಸೆಲ್ಮಾ ಪಟ್ಟಣದಲ್ಲಿ ಹೈಸ್ಕೂಲು ಓದುತ್ತಿದ್ದರು. ಎಡ್ಮಂಡ್ ಪೆಟ್ಟಸ್ ಸೇತುವೆಯ ಬಳಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟಿದ್ದ ಮೆರವಣಿಗೆಯವರನ್ನು ಪೊಲೀಸರು ಹೊಡೆದ ದಿನ ತಾವೂ ಅಲ್ಲಿದ್ದುದಾಗಿ ಹೇಳುತ್ತಾರೆ. ಅದನ್ನೆಲ್ಲ ವಾಟ್ಸಾಪ್ ಧ್ವನಿ ಸಂದೇಶಗಳಾಗಿ ತುಂಡು ತುಂಡಾಗಿ ಹಿಡಿದಿಟ್ಟಿದ್ದೇನೆ. ಆ ದಿನ ನಾಗರಿಕ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು ಎಂದು ಅಜ್ಜಿ ಎರಡು ಸಲ ಹೇಳಿದ್ದಾರೆ. ಕಿಂಗ್ ಅವತ್ತು ಅಲ್ಲಿರಲಿಲ್ಲವೆಂದು ನಾನು ಓದಿದ್ದೇನೆ. ತಮಗೆ ಹೊಡೆದವನ ಹೆಸರನ್ನೂ ಹೇಳಿದ್ದಾರೆ, ಅವನ ಮನೆಯವರು ಈಗಲೂ ಅದೇ ಊರಿನಲ್ಲಿದ್ದಾರಂತೆ. ಅಟ್ಲಾಂಟಾದಲ್ಲಿರುವ ಮೊಮ್ಮಗ, ಎಐನಿಂದ ಬರಹ ಮಾಡಿಸಿ ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಡಿ ಎನ್ನುತ್ತಾನೆ. ಅಜ್ಜಿಯ ಬಳಿ ಕಾಗದಪತ್ರ, ಫೋಟೊಗಳಿರುವ ಒಂದು ರಟ್ಟಿನ ಪೆಟ್ಟಿಗೆಯೂ, ತೀರಿಹೋದ ಅಕ್ಕ ಮಾತನಾಡಿರುವ ಹಳೆಯ ಕ್ಯಾಸೆಟ್ಟೂ ಇವೆ. ಹೊರಗಿನವಳಾದ ನಾನು ಈ ಕೆಲಸಕ್ಕೆ ಕೈಹಾಕಬಹುದೆ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆಗಳಾದರೂ ಅವುಗಳ ಅಡಿಯಲ್ಲಿರುವ ಆತಂಕ ಎರಡೇ ಎಂದು ನನಗೆ ಕಾಣುತ್ತದೆ. ತಪ್ಪಿರುವ ನೆನಪನ್ನು ಇತಿಹಾಸವೆಂದು ಕಾಪಿಡುವುದು ಸರಿಯೇ ಎಂಬುದು ಒಂದು, ಅದನ್ನು ಕಾಪಿಡಲು ನಿಮಗೆ ಅಧಿಕಾರವಿದೆಯೇ ಎಂಬುದು ಇನ್ನೊಂದು. ಧ್ವನಿಮುದ್ರಿತ ಸಂದರ್ಶನಗಳನ್ನು ಕೇಳಿ, ಸೂಚಿ ಮಾಡಿ, ಜೋಪಾನ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದವನಾಗಿ ಮೊದಲೇ ಹೇಳಿಬಿಡುತ್ತೇನೆ: ಕೆಲಸ ಮುಂದುವರಿಸಿ, ಅಜ್ಜಿಯ ಮಾತನ್ನು ತಿದ್ದಬೇಡಿ, ಯೂಟ್ಯೂಬಿನ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಕಿಂಗ್ ಅವರ ವಿಷಯದಲ್ಲಿ ನೀವು ಓದಿರುವುದು ಸರಿ. 1965ರ ಮಾರ್ಚ್ 7ರ ಭಾನುವಾರ ಅವರು ಅಟ್ಲಾಂಟಾದಲ್ಲಿದ್ದರು. ಸುಮಾರು 600 ಜನರ ಮೆರವಣಿಗೆಯ ಮುಂದಿದ್ದವರು ಜಾನ್ ಲೂಯಿಸ್ ಮತ್ತು ಹೋಸಿಯಾ ವಿಲಿಯಮ್ಸ್. ಆದರೆ ಸೇತುವೆಯ ಮೇಲೆ ನಡೆದ ಮೆರವಣಿಗೆ ಒಂದಲ್ಲ, ಮೂರು. ಎರಡು ದಿನದ ನಂತರ, ಮಾರ್ಚ್ 9ರ ಮಂಗಳವಾರ, ಕಿಂಗ್ ಅವರೇ ಜನರನ್ನು ಸೇತುವೆ ದಾಟಿಸಿ, ಪೊಲೀಸರ ಎದುರಿಗೆ ಮಂಡಿಯೂರಿ ಪ್ರಾರ್ಥನೆ ಮಾಡಿ, ಹಿಂದಕ್ಕೆ ಕರೆತಂದರು. ಮಾರ್ಚ್ 21ರಂದು, ಫೆಡರಲ್ ನ್ಯಾಯಾಲಯದ ಅನುಮತಿ ಸಿಕ್ಕ ಮೇಲೆ, ಮೂರನೆಯ ಮೆರವಣಿಗೆ ಹೊರಟು ನಾಲ್ಕು ದಿನದ ನಂತರ ಸುಮಾರು 87 ಕಿಲೋಮೀಟರ್ ದೂರದ ನಿಮ್ಮ ಮಾಂಟ್ಗೊಮರಿಯನ್ನು ತಲುಪಿತು. ಅಲ್ಲಿಯ ಶಾಸನಸಭಾ ಭವನದ ಮುಂದೆ ಸೇರಿದ್ದವರು ಸುಮಾರು 25,000 ಮಂದಿ. ಮೂರೂ ಬ್ರೌನ್ ಚಾಪೆಲ್ ಚರ್ಚಿನಿಂದಲೇ ಹೊರಟವು, ಮೂರೂ ಅದೇ ಸೇತುವೆಯ ಮೇಲೆ ಹೋದವು, ಮೊದಲನೆಯದೂ ಮೂರನೆಯದೂ ಭಾನುವಾರವೇ ಆಗಿದ್ದವು. ಹದಿನೈದರ ಹುಡುಗಿಯೊಬ್ಬಳು ಮೂರರಲ್ಲೂ ಹೆಜ್ಜೆ ಹಾಕಿದ್ದರೆ, ಅರವತ್ತು ವರ್ಷಗಳಲ್ಲಿ ಅವು ಒಂದರೊಳಗೊಂದು ಸೇರಿ ಒಂದೇ ದಿನವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಇನ್ನೂ ಒಂದು ಕಾರಣವಿದೆ. ಮಾರ್ಚ್ 7ರ ರಾತ್ರಿಯೇ ಎಬಿಸಿ ವಾಹಿನಿ ತಾನು ಪ್ರಸಾರ ಮಾಡುತ್ತಿದ್ದ ಚಲನಚಿತ್ರವನ್ನು ನಡುವೆ ನಿಲ್ಲಿಸಿ ಸೇತುವೆಯ ದೃಶ್ಯಗಳನ್ನು ತೋರಿಸಿತು. ಅಂದಿನಿಂದ ಪ್ರತಿ ವಾರ್ಷಿಕೋತ್ಸವಕ್ಕೂ ಅದೇ ದೃಶ್ಯಗಳು, ಅವುಗಳ ಪಕ್ಕದಲ್ಲೇ ಕಿಂಗ್ ನಡೆಯುತ್ತಿರುವ ಚಿತ್ರಗಳು ಬರುತ್ತಲೇ ಇವೆ. ನೆನಪು ಪೆಟ್ಟಿಗೆಯಲ್ಲಿಟ್ಟ ಒಡವೆಯ ಹಾಗೆ ಇಟ್ಟಲ್ಲೇ ಇರುವುದಿಲ್ಲ; ಹೇಳಿದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟುತ್ತೇವೆ, ಕಟ್ಟುವಾಗ ಆಮೇಲೆ ಕಂಡದ್ದು, ಬೇರೆಯವರು ಹೇಳಿದ್ದು ಸೇರಿಕೊಳ್ಳುತ್ತದೆ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅವರು ಅಲ್ಲಿರಲೇ ಇಲ್ಲ ಎಂಬುದಕ್ಕೂ ಇದು ಪುರಾವೆಯಾಗುವುದಿಲ್ಲ.

ಹಾಗಿದ್ದರೆ ಯಾವ ದಿನದ್ದು ಯಾವುದೆಂದು ತಿಳಿಯುವುದು ಹೇಗೆ? ಕಿಂಗ್ ಇದ್ದರೋ ಇಲ್ಲವೋ ಎಂದು ಕೇಳಬೇಡಿ. ಮೈಗೆ ತಾಗಿದ್ದನ್ನು ಕೇಳಿ. ಆ ಸೇತುವೆ ನಡುವೆ ಬಿಲ್ಲಿನಂತೆ ಉಬ್ಬಿಕೊಂಡಿದೆ, ಸೆಲ್ಮಾ ಕಡೆಯಿಂದ ಹತ್ತುವವರಿಗೆ ನೆತ್ತಿಯನ್ನು ಮುಟ್ಟುವ ತನಕ ಆಚೆ ದಡದಲ್ಲಿ ಏನಿದೆಯೆಂದು ಕಾಣುವುದಿಲ್ಲ. ನೆತ್ತಿಗೆ ಬಂದಾಗ ಏನು ಕಂಡಿತು, ಪಕ್ಕದಲ್ಲಿ ಯಾರಿದ್ದರು, ಕಾಲಿಗೆ ಏನು ಹಾಕಿದ್ದಿರಿ, ಮನೆಗೆ ಯಾವ ದಾರಿಯಿಂದ ವಾಪಸಾದಿರಿ ಎಂದು ಕೇಳಿ, ಸುಮ್ಮನಿರಿ. ಅಶ್ರುವಾಯುವಿನ ಉರಿ, ಷೆರಿಫ್ ಜಿಮ್ ಕ್ಲಾರ್ಕನ ಕುದುರೆ ಸವಾರರು ಅಟ್ಟಿಸಿಕೊಂಡು ಬಂದದ್ದು ಬಂದರೆ ಅದು ಮೊದಲ ಭಾನುವಾರ. ರಸ್ತೆಯಲ್ಲೇ ಮಂಡಿಯೂರಿದ್ದು ಬಂದರೆ ಮಂಗಳವಾರ. ದಾರಿಯುದ್ದಕ್ಕೂ ಕಾವಲು ನಿಂತ ಸೈನಿಕರು ಬಂದರೆ ಮೂರನೆಯದು, ಏಕೆಂದರೆ ಆ ಮೆರವಣಿಗೆಯ ರಕ್ಷಣೆಗೆಂದೇ ಅಧ್ಯಕ್ಷ ಜಾನ್ಸನ್ ಅಲಬಾಮಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಅಧೀನಕ್ಕೆ ತೆಗೆದುಕೊಂಡಿದ್ದರು. ನಿಮಗೆ ತಿಳಿದದ್ದನ್ನು ಪ್ರತ್ಯೇಕ ಟಿಪ್ಪಣಿಯಾಗಿ ಬರೆದು ಧ್ವನಿಮುದ್ರಿಕೆಯ ಜೊತೆಗಿಡಿ, ಮುದ್ರಿಕೆಯೊಳಗೆ ತುರುಕಬೇಡಿ.

ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಾನೂ ಹಿರಿಯರೊಬ್ಬರನ್ನು ಮಾತಿನ ನಡುವೆಯೇ ತಡೆದು ಇಸವಿ ತಿದ್ದಿದ್ದೆ. ಅವರು ಕೋಪಿಸಿಕೊಳ್ಳಲಿಲ್ಲ. ಆದರೆ ಆಮೇಲೆ ಕೇಳಿದ ಪ್ರತಿ ಪ್ರಶ್ನೆಗೂ "ಅದು ನಿಮ್ಮ ಪುಸ್ತಕದಲ್ಲೇ ಇರಬೇಕಲ್ಲ" ಎಂದು ಸೌಜನ್ಯದಿಂದಲೇ ಉತ್ತರಿಸಿದರು. ಆ ಮುದ್ರಿಕೆಯ ಉಳಿದ ನಲವತ್ತು ನಿಮಿಷದಲ್ಲಿ ಪುಸ್ತಕದಲ್ಲಿಲ್ಲದ್ದು ಒಂದೂ ಇಲ್ಲ.

ತಪ್ಪು ನೆನಪಿಗೂ ತನ್ನದೇ ಬೆಲೆಯಿದೆ. ಇಟಲಿಯ ಟೆರ್ನಿ ಎಂಬ ಉಕ್ಕಿನ ಊರಿನಲ್ಲಿ 1949ರಲ್ಲಿ ನೇಟೊ ವಿರೋಧಿ ಪ್ರತಿಭಟನೆಯೊಂದರಲ್ಲಿ ಲೂಯಿಜಿ ಟ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರ ಗುಂಡಿಗೆ ಬಲಿಯಾದ. ಇತಿಹಾಸಕಾರ ಅಲೆಸಾಂಡ್ರೊ ಪೋರ್ತೆಲ್ಲಿ ದಶಕಗಳ ನಂತರ ಅಲ್ಲಿನ ಕಾರ್ಮಿಕರನ್ನು ಮಾತನಾಡಿಸಿದಾಗ, ಬಹಳ ಜನ ಆ ಸಾವನ್ನು 1953ರಲ್ಲಿ ಕಾರ್ಖಾನೆಯಿಂದ ಸಾಮೂಹಿಕವಾಗಿ ಕೆಲಸದಿಂದ ತೆಗೆದ ಕಾಲಕ್ಕೆ ಸರಿಸಿ ಹೇಳಿದರು. ಅವರ ಬದುಕು ನಿಜವಾಗಿ ಮುರಿದದ್ದು ಆಗ. ಸಾವು ಆ ಜಾಗಕ್ಕೆ ಹೋಗಿ ಕುಳಿತಿತ್ತು. ಅಜ್ಜಿ ಕಿಂಗ್ ಅವರನ್ನು ಪೆಟ್ಟು ಬಿದ್ದ ದಿನದ ಮುಂದಿನ ಸಾಲಿನಲ್ಲಿ ನಿಲ್ಲಿಸಿರುವುದರಲ್ಲೂ ಇಂಥದ್ದೇನಾದರೂ ಇರಬಹುದು. ತಿದ್ದಿದರೆ ಅದು ಅಳಿಸಿಹೋಗುತ್ತದೆ.

ಕಾಗದದಲ್ಲಿರುವುದೆಲ್ಲ ನಿಜ, ಬಾಯಿಮಾತೆಲ್ಲ ಸಂಶಯಾಸ್ಪದ ಎಂಬ ನಂಬಿಕೆಯನ್ನೂ ಇಲ್ಲಿ ಸ್ವಲ್ಪ ಅಲುಗಾಡಿಸಬೇಕು. ಪಕ್ಕದ ಮಿಸಿಸಿಪ್ಪಿ ರಾಜ್ಯ 1956ರಲ್ಲಿ ಸಾವರಿನ್‌ಟಿ ಕಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿ ಚಳವಳಿಗಾರರ ಮೇಲೆ ಗೂಢಚರ್ಯೆ ನಡೆಸಿತು. 1998ರಲ್ಲಿ ಬಹಿರಂಗವಾದ ಅದರ ಕಡತಗಳು 1,30,000 ಪುಟಗಳನ್ನು ಮೀರುತ್ತವೆ. ಮುದ್ರೆ ಒತ್ತಿದ ಸರ್ಕಾರಿ ಕಾಗದವಾದರೂ ಅದರ ತುಂಬ ಇರುವುದು ಬಾತ್ಮೀದಾರರು ತಂದೊಪ್ಪಿಸಿದ ಚಾಡಿ. ರೋಸಾ ಪಾರ್ಕ್ಸ್ ದಣಿದಿದ್ದ ಕಾರಣಕ್ಕೆ ಬಿಳಿಯರಿಗೆ ಬಸ್ಸಿನ ಸೀಟು ಬಿಡಲಿಲ್ಲ ಎಂಬ ಕಥೆ ಪಠ್ಯಪುಸ್ತಕಗಳಲ್ಲೇ ಬೆಳೆದದ್ದು. ಅವರು ಅದಕ್ಕೆ ಹತ್ತು ವರ್ಷ ಹಿಂದಿನಿಂದ ನಿಮ್ಮ ಊರಿನಲ್ಲೇ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಕೆಲಸ ಮಾಡುತ್ತಿದ್ದರು, 1955ರ ಬೇಸಿಗೆಯಲ್ಲಿ ಹೋರಾಟಗಾರರನ್ನು ತಯಾರು ಮಾಡುತ್ತಿದ್ದ ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿ ತರಬೇತಿಯನ್ನೂ ಪಡೆದಿದ್ದರು.

ನಾಯಕರ ನೆನಪೇ ಮುಖ್ಯ, ಇವರು ಗುಂಪಿನಲ್ಲೊಬ್ಬರು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಆ ಚಳವಳಿಯಲ್ಲಿ ಇಂಥವರನ್ನು ಕಾಲಾಳುಗಳು ಎಂದು ಗೌರವದಿಂದಲೇ ಕರೆಯುತ್ತಾರೆ. ಸೆಲ್ಮಾದ ಕಾಲಾಳುಗಳಿಗೆ ಅಮೆರಿಕದ ಕಾಂಗ್ರೆಸ್ 2016ರಲ್ಲಿ ಚಿನ್ನದ ಪದಕ ಕೊಟ್ಟಿತು. ಕಿಂಗ್ ಅವರ ಭಾಷಣಗಳು ನೂರು ಕಡೆ ಸಿಗುತ್ತವೆ, ಆ ಜನಕ್ಕೆಲ್ಲ ಅಡುಗೆ ಯಾರ ಮನೆಯಲ್ಲಿ ಆಯಿತೆಂಬುದು ಸಿಗುವುದಿಲ್ಲ. ರೋಸಾ ಪಾರ್ಕ್ಸ್ ಪ್ರಸಂಗದಿಂದ ಶುರುವಾದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ 381 ದಿನ ನಿಂತದ್ದರ ಹಿಂದೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಇದ್ದರು. ಅವರೂ ಅವರ ಗೆಳತಿಯರೂ ಕರಿದ ಕೋಳಿ, ಕೇಕು, ಪೈ ಮಾರಿ ಬಂದ ಹಣವನ್ನು ಚಳವಳಿಗೆ ಒಪ್ಪಿಸುತ್ತಿದ್ದರು, ಕೊಟ್ಟವರ ಹೆಸರು ಹೊರಬೀಳಬಾರದೆಂದು ತಮ್ಮ ಗುಂಪಿಗೆ 'ಎಲ್ಲಿಂದಲೂ ಬಾರದ ಸಂಘ' ಎಂಬರ್ಥದ ಹೆಸರಿಟ್ಟುಕೊಂಡಿದ್ದರು. ಆದ್ದರಿಂದ ಅಜ್ಜಿಯ ತಾಯಿಯ ಅಡುಗೆಮನೆಯ ಬಗ್ಗೆ ಕೇಳಿ. 1965ರ ಜನವರಿ 22ರಂದು ಸೆಲ್ಮಾದ ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರು ಕೆಲಸ ಹೋಗುವ ಭಯವನ್ನೂ ಲೆಕ್ಕಿಸದೆ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕೆಂದು ಕೋರ್ಟಿನತ್ತ ನಡೆದಿದ್ದರು. ತಾವೂ ಮುಂದೆ ಶಿಕ್ಷಕಿಯಾದವರಿಗೆ ತಮಗೆ ಪಾಠ ಹೇಳಿದವರು ಆ ಸಾಲಿನಲ್ಲಿ ನಡೆದದ್ದು ನೆನಪಿದ್ದರೆ, ನನ್ನ ಮಟ್ಟಿಗೆ ಅದು ಸೇತುವೆಯ ಪ್ರಸಂಗಕ್ಕಿಂತ ದೊಡ್ಡ ಸಂಪತ್ತು.

ಇನ್ನು ನೀವು ಹೊರಗಿನವರೆಂಬ ವಿಷಯ. ಕೇಳುವವರು ಯಾರೆಂಬುದರ ಮೇಲೆ ಉತ್ತರ ಬದಲಾಗುತ್ತದೆ, ಇದನ್ನು ಮುಚ್ಚಿಡುವಂತಿಲ್ಲ. 1936ರಿಂದ 1938ರ ತನಕ ಅಮೆರಿಕ ಸರ್ಕಾರದ ಯೋಜನೆಯೊಂದರಡಿ ಗುಲಾಮಗಿರಿಯಲ್ಲಿ ಹುಟ್ಟಿದ್ದ ಎರಡು ಸಾವಿರಕ್ಕೂ ಹೆಚ್ಚು ವೃದ್ಧರ ನೆನಪುಗಳನ್ನು ಬರೆದುಕೊಳ್ಳಲಾಯಿತು. ಬರೆದುಕೊಂಡವರಲ್ಲಿ ಹೆಚ್ಚಿನವರು ದಕ್ಷಿಣದ ಬಿಳಿಯರು. ಚಾರ್ಲ್ಸ್‌ಟನ್ನಿನ ಒಬ್ಬ ವೃದ್ಧೆ ಬಿಳಿಯ ಮಹಿಳೆಯೊಬ್ಬರ ಎದುರಿಗೆ ಯಜಮಾನ ಒಳ್ಳೆಯವನಾಗಿದ್ದ ಎಂದರು. ಅವರೇ ಕಪ್ಪು ಸಂದರ್ಶಕನ ಎದುರಿಗೆ ಚಾಟಿಯೇಟಿನ, ತಾಯಿಯಿಂದ ಕೂಸನ್ನು ಕಿತ್ತು ಮಾರಿದ ಮಾತನ್ನು ಹೇಳಿದರು. ನಿಮ್ಮ ಸ್ಥಾನ ಈ ಎರಡರಲ್ಲಿ ಯಾವುದೂ ಅಲ್ಲ. ಕೆಲವು ಮಾತನ್ನು ಅವರು ನಿಮಗೆ ಹೇಳದೇ ಇರಬಹುದು; ಆದರೆ ತಮ್ಮವರ ಮುಂದೆ ಗೊತ್ತಿರುವುದೇ ಎಂದು ಬಿಟ್ಟುಬಿಡುವ ಸಂಗತಿಗಳನ್ನು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕಿತ್ತು, ಯಾವ ಅಂಗಡಿಯಲ್ಲಿ ಚಪ್ಪಲಿ ಕಾಲಿಗೆ ಹಾಕಿ ನೋಡುವಂತಿರಲಿಲ್ಲ ಎಂಬುದನ್ನು, ನಿಮಗೆ ಬಿಡಿಸಿಯೇ ಹೇಳಬೇಕಾಗುತ್ತದೆ. ಮೊಮ್ಮಗ ಊರಿಗೆ ಬಂದಾಗ ಒಂದು ಸಲ ಅವನೇ ಕೇಳಲಿ. ಇಬ್ಬರಿಗೆ ಹೇಳಿದ್ದು ಬೇರೆ ಬೇರೆಯಾಗಿದ್ದರೆ ಎರಡನ್ನೂ ಇಡಿ.

ನೀವು ಇದಕ್ಕೆ ತೀರಾ ಸಂಬಂಧವಿಲ್ಲದವರೂ ಅಲ್ಲ. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟ ಜೇಮ್ಸ್ ಲಾಸನ್ ಅದಕ್ಕೆ ಮೊದಲು 1950ರ ದಶಕದಲ್ಲಿ ಮೂರು ವರ್ಷ ನಾಗಪುರದಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದವರು. ಸೇತುವೆಯ ಮುಂದಿನ ಸಾಲಿನಲ್ಲಿದ್ದ ಜಾನ್ ಲೂಯಿಸ್ ಅವರ ಶಿಷ್ಯ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬರಲು ದಾರಿ ಮಾಡಿದ ವಲಸೆ ಕಾನೂನಿಗೆ ಸಹಿ ಬಿದ್ದದ್ದೂ ಅದೇ 1965ರಲ್ಲಿ, ಮತದಾನ ಹಕ್ಕಿನ ಕಾನೂನಾದ ಎರಡೇ ತಿಂಗಳಿಗೆ.

ಹೊಡೆದವನ ಹೆಸರಿನ ವಿಷಯದಲ್ಲಿ ನನ್ನ ಎಚ್ಚರಿಕೆ ಸ್ವಲ್ಪ ಗಟ್ಟಿಯಾಗಿಯೇ ಇದೆ. ಮೂಲ ಮುದ್ರಿಕೆಯಿಂದ ಆ ಹೆಸರನ್ನು ಅಳಿಸಬೇಡಿ. ಹಳೆಯದೆಂದು ಕೈಬಿಟ್ಟ ಪ್ರಕರಣಗಳು ಅಲ್ಲಿ ದಶಕಗಳ ನಂತರ ಮತ್ತೆ ತೆರೆದಿವೆ. ಸೆಲ್ಮಾ ಮೆರವಣಿಗೆಗೆ ಕಾರಣವಾದದ್ದೇ ಸಮೀಪದ ಮೇರಿಯನ್ ಊರಿನಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ 26ರ ಯುವಕನಿಗೆ ತಗುಲಿದ ಗುಂಡು; ಅದನ್ನು ಹಾರಿಸಿದ ಪೊಲೀಸ್ ಜೇಮ್ಸ್ ಫೌಲರ್, ಆತ್ಮರಕ್ಷಣೆಗಾಗಿ ಹೊಡೆದೆನೆಂದು ಪತ್ರಕರ್ತನೊಬ್ಬನ ಬಳಿ ಹೇಳಿಕೊಂಡ ಮೇಲೆ, 2007ರಲ್ಲಿ ಆರೋಪಿಯಾಗಿ 2010ರಲ್ಲಿ ತಪ್ಪೊಪ್ಪಿಕೊಂಡು ಆರು ತಿಂಗಳ ಶಿಕ್ಷೆಗೆ ಗುರಿಯಾದ. ಆದರೆ ಸಾರ್ವಜನಿಕರ ಕೈಗೆ ಹೋಗುವ ಪ್ರತಿಯಲ್ಲಿ ಆ ಹೆಸರು ಕೇಳಿಸುವುದು ಬೇರೆ ಮಾತು. ನೆನಪು ದಿನಗಳನ್ನು ಬೆರೆಸಬಲ್ಲದಾದರೆ ಮುಖಗಳನ್ನೂ ಬೆರೆಸಬಲ್ಲದು. ಆ ಮನುಷ್ಯ ಬದುಕಿದ್ದರೆ ಮಾನನಷ್ಟದ ಪ್ರಶ್ನೆ ಏಳುತ್ತದೆ, ಇಲ್ಲದಿದ್ದರೂ ಅಜ್ಜಿ ಅವನ ಮನೆಯವರನ್ನು ಊರಿನಲ್ಲಿ ಎದುರಿಸಬೇಕಾಗುತ್ತದೆ. ಸಾರ್ವಜನಿಕ ಪ್ರತಿಯಲ್ಲಿ ಹೆಸರಿನ ಜಾಗವನ್ನು ಮೌನ ಮಾಡಿ, ಪೂರ್ತಿ ಪ್ರತಿಯನ್ನು ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತಿನೊಂದಿಗೆ ಇಡುವುದು ವಾಡಿಕೆಯ ಮಾರ್ಗ. ಆದರೆ ಯಾರಿಗೂ ತಿಳಿಯದಂತೆ ನೋಡಿಕೊಳ್ಳುತ್ತೇನೆಂದು ಅಜ್ಜಿಗೆ ಮಾತು ಕೊಡಬೇಡಿ. ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ತೊಡಗಿದ್ದವರಿಗೆ, ನೀವು ಸಾಯುವ ತನಕ ಹೊರಬಿಡುವುದಿಲ್ಲವೆಂದು ಭರವಸೆ ಕೊಟ್ಟು ಬಾಸ್ಟನ್ ಕಾಲೇಜಿನ ಯೋಜನೆಯೊಂದು ಸಂದರ್ಶನ ಮಾಡಿತ್ತು. 2011ರಲ್ಲಿ ಕಾನೂನಿನ ಆದೇಶ ಬಂದಾಗ ಆ ಭರವಸೆ ನಿಲ್ಲಲಿಲ್ಲ, ಮುದ್ರಿಕೆಗಳು ತನಿಖೆಗಾರರ ಕೈಸೇರಿದವು. ನಾನು ವಕೀಲನಲ್ಲ, ಈ ಒಂದು ಅಂಶವನ್ನು ಅಲಬಾಮಾದ ವಕೀಲರೊಬ್ಬರ ಮುಂದಿಡುವುದು ಒಳ್ಳೆಯದು.

ಒಪ್ಪಿಗೆ ಪತ್ರದ ಕೆಲಸ ಮುಂದಿನ ಸಂದರ್ಶನಕ್ಕೆ ಮೊದಲೇ ಆಗಬೇಕು. ಆಡಿದ ಮಾತಿನ ಹಕ್ಕು ಆಡಿದವರದು, ಕೇಳಿದ ಪ್ರಶ್ನೆಗಳ ಹಕ್ಕು ಕೇಳಿದವರದು ಎಂದಿಟ್ಟುಕೊಂಡು ಇಬ್ಬರೂ ಸಹಿ ಮಾಡುವುದು ಅಲ್ಲಿನ ಪತ್ರಾಗಾರಗಳ ಪದ್ಧತಿ. ಒಂದೇ ಪುಟ ಸಾಕು: ಯಾರು ಕೇಳಬಹುದು, ಎಂದಿನಿಂದ, ಇಂಟರ್ನೆಟ್ಟಿಗೆ ಹಾಕಬಹುದೇ, ಅವರ ನಂತರ ಯಾರ ಮಾತು ನಡೆಯಬೇಕು. ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಈ ಚಳವಳಿಯಲ್ಲೇ ಇದೆ: 1987ರಲ್ಲಿ ಪ್ರಸಾರವಾದ, ಇದರ ಬಗ್ಗೆ ಬಂದ ಅತಿ ಹೆಸರಾದ ಸಾಕ್ಷ್ಯಚಿತ್ರ ಸರಣಿ, ಹಳೆಯ ದೃಶ್ಯ ಮತ್ತು ಹಾಡುಗಳ ಪರವಾನಗಿ ಅವಧಿ ಮುಗಿದದ್ದರಿಂದ ವರ್ಷಗಟ್ಟಲೆ ಟೀವಿಗೆ ಬರಲಾಗದೆ, ಹಣ ಹೊಂದಿಸಿದ ಮೇಲೆ 2006ರಲ್ಲಿ ಮತ್ತೆ ಕಾಣಿಸಿತು. ಯೂಟ್ಯೂಬ್ ಬೇಡವೆಂದದ್ದೂ ಇದಕ್ಕೇ. ಒಮ್ಮೆ ಹರಡಿದ್ದನ್ನು ವಾಪಸು ಪಡೆಯಲಾಗದು, ಕೆಳಗಿನ ಟೀಕೆಗಳಲ್ಲಿ ಬರುವ ಬೈಗುಳಕ್ಕೆ ಅಜ್ಜಿ ಒಪ್ಪಿಗೆ ಕೊಟ್ಟಿಲ್ಲ, ಖಾತೆ ಮುಚ್ಚಿದರೆ ಎಲ್ಲವೂ ಹೋಯಿತು.

ಫೋನಿನ ಬಗ್ಗೆ ಚಿಂತೆ ಬೇಡ, ವಾಟ್ಸಾಪ್ ಮಾತ್ರ ಬೇಡ; ಅದು ಧ್ವನಿಯನ್ನು ಕುಗ್ಗಿಸಿಬಿಡುತ್ತದೆ. ಈಗಾಗಲೇ ಇರುವ ಸಂದೇಶಗಳನ್ನು ಅಳಿಸದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಂದಿನ ಸಲ ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು, ರೆಕಾರ್ಡರ್ ಆಪಿನಲ್ಲಿ ವೇವ್ ಕಡತವಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿಯಿರಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗಿಡಿ. ಫ್ರಿಜ್ಜಿನ ಗುಂಯ್‌ಗುಡುವಿಕೆಯೇ ದೊಡ್ಡ ಶತ್ರು, ಹಾಗಾಗಿ ಅಡುಗೆಮನೆಯ ಮೇಜು ಎಷ್ಟೇ ಆತ್ಮೀಯವಾಗಿದ್ದರೂ ಪರದೆ, ಹಾಸುಗಂಬಳಿ ಇರುವ ಕೋಣೆಯನ್ನೇ ಆರಿಸಿಕೊಳ್ಳಿ. ಬೆಳಗಿನ ಹೊತ್ತು, ಒಂದೂವರೆ ಗಂಟೆ ಮೀರದ ಹಾಗೆ. ಅವರ ದನಿ ನಡುಗಿದರೆ ಮುದ್ರಣ ನಿಲ್ಲಿಸಲೇ ಎಂದು ಕೇಳಿ, ಹೌದೆಂದರೆ ನಿಲ್ಲಿಸಿ, ಆಮೇಲೆ ಹತ್ತು ನಿಮಿಷ ಬೇರೆ ಮಾತನಾಡುತ್ತ ಕುಳಿತಿದ್ದು ಹೊರಡಿ. ಮೂರು ಪ್ರತಿ ಇರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. 2019ರ ಮಾರ್ಚಿನಲ್ಲಿ ಅದೇ ಹೈಲ್ಯಾಂಡರ್ ಕೇಂದ್ರದ ಕಚೇರಿ ಕಟ್ಟಡ ಬೆಂಕಿಗೆ ಆಹುತಿಯಾದಾಗ ದಶಕಗಳ ದಾಖಲೆಗಳು ಸುಟ್ಟುಹೋದವು.

ಎಐ ಬರಹವನ್ನು ಕರಡಾಗಿ ಬಳಸಬಹುದು, ಅದಕ್ಕಿಂತ ಹೆಚ್ಚಲ್ಲ. ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿ ಸ್ಟ್ಯಾನ್‌ಫರ್ಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಿದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಿದ್ದವು. ಅಂದಿನಿಂದ ತಂತ್ರಾಂಶಗಳು ಸುಧಾರಿಸಿವೆ. ಆದರೂ ಊರು, ಚರ್ಚು, ಮನುಷ್ಯರ ಹೆಸರುಗಳಲ್ಲಿ ಎಡವುವುದು, ಅಜ್ಜಿಯ ನುಡಿಗಟ್ಟನ್ನು ಶಾಲೆಯ ಇಂಗ್ಲಿಷಿಗೆ ಇಸ್ತ್ರಿ ಮಾಡಿಬಿಡುವುದು ಇದ್ದೇ ಇದೆ. ಮುದ್ರಿಕೆಯನ್ನು ಕೇಳುತ್ತ ಪದ ಪದವನ್ನೂ ತಾಳೆ ನೋಡಿ, ಕೊನೆಗೆ ಅಜ್ಜಿಗೇ ಓದಲು ಕೊಡಿ. ನಿವೃತ್ತ ಟೀಚರು ಕೆಂಪು ಪೆನ್ನು ಹುಡುಕಿಕೊಂಡು ಬಂದರೆ ಆಶ್ಚರ್ಯಪಡಬೇಡಿ.

ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ಅಜ್ಜಿಯೇ ತೀರ್ಮಾನಿಸಬೇಕು. ನಿಮ್ಮ ಊರಿನಲ್ಲೇ ಅಲಬಾಮಾ ರಾಜ್ಯದ ಪತ್ರಾಗಾರವಿದೆ, 1901ರಲ್ಲಿ ಸ್ಥಾಪನೆಯಾದದ್ದು, ಸೌಕರ್ಯ ಚೆನ್ನಾಗಿದೆ. ಆದರೆ 20ನೆಯ ಶತಮಾನದ ಬಹುಭಾಗ ತಾನು ಬಿಳಿಯರ ಇತಿಹಾಸಕ್ಕೇ ಆದ್ಯತೆ ಕೊಟ್ಟದ್ದನ್ನು 2020ರಲ್ಲಿ ಆ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿದೆ. ಅಜ್ಜಿಗೆ ಅಲ್ಲಿಗೆ ಕೊಡಲು ಮನಸ್ಸಾಗದಿದ್ದರೆ ಒತ್ತಾಯಿಸಬೇಡಿ. ಕಪ್ಪು ಜನರ ವಿದ್ಯಾಸಂಸ್ಥೆಯಾಗಿ ಬೆಳೆದ ಅಲಬಾಮಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಚಳವಳಿಯ ಅಧ್ಯಯನ ಕೇಂದ್ರವಿದೆ, ಬರ್ಮಿಂಗ್‌ಹ್ಯಾಮಿನ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಮೌಖಿಕ ಇತಿಹಾಸದ ಸಂಗ್ರಹವಿದೆ. ಸಾಮಾನ್ಯ ಜನರ ಮಾತುಕತೆಗಳನ್ನು ಮುದ್ರಿಸಿಡುವ ಸ್ಟೋರಿಕಾರ್ಪ್ಸ್ ಸಂಸ್ಥೆಯ ಮೂಲಕ ಮಾಡಿದರೆ ಮುದ್ರಿಕೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಸೇರುವ ದಾರಿಯಿದೆ, ಆದರೆ ಅದರ ನಲವತ್ತು ನಿಮಿಷದ ಚೌಕಟ್ಟು ಅಜ್ಜಿಯಂಥವರಿಗೆ ಇಕ್ಕಟ್ಟು. ಅದೇ ಲೈಬ್ರರಿಯು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಜೊತೆಗೂಡಿ 2009ರ ಕಾನೂನಿನಡಿ ಮಾಡಿಸಿದ, ಈ ಚಳವಳಿಯಲ್ಲಿದ್ದವರ ನೂರಕ್ಕೂ ಹೆಚ್ಚು ಸಂದರ್ಶನಗಳು ಉಚಿತವಾಗಿ ಲಭ್ಯವಿವೆ. ಮುಂದಿನ ಭೇಟಿಗೆ ಮೊದಲು ಎರಡನ್ನಾದರೂ ಪೂರ್ತಿ ನೋಡಿ, ಕೇಳುವವರು ಎಷ್ಟು ಕಡಿಮೆ ಮಾತನಾಡುತ್ತಾರೆಂದು ಗಮನಿಸಿ. ಮನೆಯಲ್ಲೇ ಇಟ್ಟುಕೊಳ್ಳುವುದೂ ತಪ್ಪಲ್ಲ, ಆದರೆ ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದು ಇಂಥ ರಟ್ಟಿನ ಪೆಟ್ಟಿಗೆಗಳೇ ಎಂಬುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಆ ಪೆಟ್ಟಿಗೆಯಲ್ಲಿರುವುದನ್ನು ಬೇರೆ ಬೇರೆ ವಿಂಗಡಿಸಲು ಹೋಗಬೇಡಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಮಾಹಿತಿಯೇ. ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯದೆ, ಮೆತ್ತನೆಯ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಅಜ್ಜಿ ಗುರುತಿಸಿದ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಪ್ರಕಟಣೆಯ ಹಕ್ಕು ಬರುವುದಿಲ್ಲ, ಅದು ಬರೆದವರದು ಅಥವಾ ಅವರ ವಾರಸುದಾರರದು. ಅಕ್ಕನ ಕ್ಯಾಸೆಟ್ಟನ್ನು ಮಾತ್ರ ಕುತೂಹಲಕ್ಕೆಂದು ಹಳೆಯ ಟೇಪ್‌ರೆಕಾರ್ಡರಿಗೆ ಹಾಕಬೇಡಿ, ರಬ್ಬರು ಸವೆದ ಯಂತ್ರ ಟೇಪನ್ನು ನುಂಗಿದರೆ ಆ ದನಿಗೆ ಎರಡನೆಯ ಪ್ರತಿ ಇಲ್ಲ. ಧ್ವನಿ ಪರಿವರ್ತನೆ ಮಾಡಿಕೊಡುವ ಪರಿಣತರ ಬಳಿ ಒಯ್ಯಿರಿ. ಅದಕ್ಕೂ ಮೊದಲು, ಇವತ್ತೇ, ಅಜ್ಜಿಯನ್ನು ಕೇಳಿಕೊಂಡು ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡೂ ತುದಿಗಿರುವ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ನೋಡಿ. ಇನ್ನೂ ಇದ್ದರೆ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಮುರಿದು ತೆಗೆಯಿರಿ. ಆಮೇಲೆ ಯಾರು ಅರಿಯದೆ ರೆಕಾರ್ಡ್ ಗುಂಡಿ ಒತ್ತಿದರೂ ಅಕ್ಕನ ಮಾತಿನ ಮೇಲೆ ಇನ್ನೊಂದು ಮಾತು ಕೂರುವುದಿಲ್ಲ.